ಅಪ್ಪನ ಕಾಲು, ನನ್ನ ಕೈ

ನನ್ನ ಸೊಂಟದ ಕೆಳಗೆ ಸ್ವಾಧೀನ ಹೋದ ಮೇಲೆ ನೋಡಲು ಬಂದವರೆಲ್ಲ, ಯಾರೋ ಬಾಯಿಪಾಠ ಮಾಡಿಸಿ ಕಳಿಸಿದ ಹಾಗೆ, ಒಂದೇ ಮಾತು ಹೇಳುತ್ತಿದ್ದರು: "ಪುಣ್ಯಕ್ಕೆ ನಿಮ್ದು ಕೂತು ಮಾಡೋ ಕೆಲಸ ಐತೆ ಬಿಡ್ರಿ." ಹೇಳಿ, ಅಮ್ಮ ಕೊಟ್ಟ ಟೀ ಕುಡಿದು, ಹೋಗುವ ಮುಂಚೆ ನನ್ನ ಕಾಲನ್ನೊಮ್ಮೆ ಚಿವುಟಿ ನೋಡುತ್ತಿದ್ದರು. ಗೊತ್ತಾಗಲಿಲ್ಲ ಅಂದರೆ ನನಗಿಂತ ಅವರಿಗೇ ಬೇಜಾರು. ಕೆಲವರ ಮುಖ ನೋಡಲಾರದೆ "ಹೂಂ, ಸ್ವಲ್ಪ ಗೊತ್ತಾಯ್ತು" ಅಂತ ಸುಳ್ಳು ಹೇಳಿ, ನಾನೇ ಅವರಿಗೆ ಸಮಾಧಾನ ಮಾಡಿ ಕಳಿಸಿದ್ದೂ ಉಂಟು.

ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯವರು ಮಾತ್ರ ಆ ಮಾತು ಆಡಲಿಲ್ಲ. ಅವರಿಗೆ ಗೊತ್ತು. ನಮ್ಮದು ಗುಂಡಿ ಮಗ್ಗ. ನಡುಮನೆಯ ನೆಲದಲ್ಲೇ ಒಂದು ಗುಂಡಿ, ಅದರ ಅಂಚಿಗೆ ಕೂರುವ ಹಲಗೆ, ಕಾಲು ಇಳಿಬಿಟ್ಟರೆ ಕೆಳಗೆ ಕಾಲುಮಣೆಗಳು. ಒಂದನ್ನು ತುಳಿದು ಇನ್ನೊಂದನ್ನು ಬಿಟ್ಟರೆ ತಾನೇ ರೇಷ್ಮೆ ಎಳೆಗಳು ಮೇಲೆ ಕೆಳಗೆ ಸರಿದು ಬಾಯಿ ಬಿಡುವುದು, ಬಾಯಿ ಬಿಟ್ಟರೆ ತಾನೇ ಲಾಳಿ ಓಡುವುದು. ನೋಡುವವರ ಕಣ್ಣಿಗೆ ನೇಯುವುದು ಕೈ. ಆದರೆ ಅರ್ಧ ಸೀರೆ ಕಾಲಿನದು. ಕಾಲು ಹೋದ ನೇಕಾರ ಕೂತರೂ ಒಂದೇ, ಮಲಗಿದರೂ ಒಂದೇ ಅಂತ ನಾನು ಆಗ ಅಂದುಕೊಂಡಿದ್ದೆ.

ಹೇಗೆ ಬಿದ್ದೆ ಅಂತ ಎಲ್ಲರೂ ಕೇಳುತ್ತಾರೆ. ದೊಡ್ಡ ಕತೆಯೇನೂ ಇಲ್ಲ. ಚಳ್ಳಕೆರೆಯ ಅಂಗಡಿಗೆ ಸೀರೆ ಕೊಟ್ಟು ಬೈಕಿನಲ್ಲಿ ವಾಪಸ್ ಬರುತ್ತಿದ್ದೆ. ರಸ್ತೆ ಮೇಲೆ ಹುರುಳಿ ಗಿಡ ಹರಡಿದ್ದರು. ಬಸ್ಸು ಲಾರಿ ಓಡಾಡಿದರೆ ಒಕ್ಕಣೆ ತಾನಾಗಿ ಆಗುತ್ತದೆ ಅಂತ ನಮ್ಮ ಕಡೆ ಎಲ್ಲರೂ ಹರಡುವುದೇ. ಒಣಗಿದ ಹುರುಳಿ ಮೇಲೆ ಚಕ್ರ ಜಾರಿತು. ಸೇತುವೆಯ ಕಟ್ಟೆಗೆ ನನ್ನ ಬೆನ್ನು ಬಡಿಯಿತು. ಆ ಹುರುಳಿಯವರ ಮೇಲೆ ನನಗೆ ಸಿಟ್ಟಿಲ್ಲ. ಓಡಿ ಬಂದು ನನ್ನನ್ನು ಎತ್ತಿದವರು ಅವರೇ, ಆಸ್ಪತ್ರೆಯವರೆಗೆ ತಲೆ ಹಿಡಿದುಕೊಂಡು ಬಂದವರೂ ಅವರೇ.

ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಕೋಣೆಯ ಹೊರಗೆ ಒಂದು ಉದ್ದ ಬೆಂಚು. ನನ್ನ ಅಪ್ಪ, ಮನೆಯಲ್ಲಿ ನಾವು ತೆಲುಗಿನಲ್ಲಿ ನಾಯನ ಅನ್ನುತ್ತೇವೆ, ಆ ಬೆಂಚಿನ ತುದಿಯಲ್ಲಿ ಕೂತು ಟವೆಲ್ಲನ್ನು ಹಿಂಡುತ್ತಲೇ ಇದ್ದರು. ಒದ್ದೆ ಇಲ್ಲದ ಟವೆಲ್ಲು. ನಾನು ಸ್ಟ್ರೆಚರ್ ಮೇಲಿಂದ ಅದನ್ನೇ ನೋಡುತ್ತಿದ್ದೆ. ಅಮ್ಮನಿಗೆ ಅಲ್ಲೊಬ್ಬ ಹೆಂಗಸಿನ ಪರಿಚಯವಾಯಿತು, ಹಿರಿಯೂರು ಕಡೆಯವಳು, ಗಂಡನನ್ನು ಕರೆದುಕೊಂಡು ಬಂದು ಬಹಳ ದಿನ ಆಗಿತ್ತಂತೆ. ಸೆರಗಿನಲ್ಲಿದ್ದ ಮಂಡಕ್ಕಿ ಅಮ್ಮನ ಕೈಗೆ ಹಾಕಿ, "ಅಳೋದಿದ್ರೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ಬಿಡಕ್ಕ. ಅವನ ಮುಂದೆ ಮಾತ್ರ ಬ್ಯಾಡ" ಅಂದಳು. ಅಮ್ಮ ಆ ಮಾತನ್ನು ಇವತ್ತಿನವರೆಗೂ ಪಾಲಿಸಿದ್ದಾಳೆ. ನಮ್ಮ ಮನೆ ಬಚ್ಚಲಲ್ಲಿ ನಲ್ಲಿ ಜೋರಾಗಿ ಬಿಟ್ಟ ಸದ್ದು ಕೇಳಿದರೆ ನಾನು ಟಿವಿ ಸದ್ದು ಜಾಸ್ತಿ ಮಾಡುತ್ತೇನೆ.

ಇನ್ನು ನಡೆಯುವುದಿಲ್ಲ ಅಂತ ಡಾಕ್ಟರು ಮೆಲ್ಲಗೆ ಹೇಳಿದಾಗ ನಾಯನ ಕೇಳಿದ್ದು ಒಂದೇ ಪ್ರಶ್ನೆ: "ಮಗ್ಗಕ್ಕೆ ಕೂರಬಹುದಾ ಸಾರ್?" ಕೂರಬಹುದು, ಆದರೆ ಒಂದೇ ಸಮನೆ ಕೂರಬಾರದು, ಮೈ ಮಗ್ಗುಲು ಬದಲಿಸುತ್ತಿರಬೇಕು, ಚರ್ಮ ನೋಡಿಕೊಳ್ಳಬೇಕು ಅಂತ ಅವರು ಹೇಳಿದರು. ಅದೆಲ್ಲ ಕಿವಿಗೆ ಬಿತ್ತು. ಆದರೆ ನಮ್ಮ ಮನೆಯವರ ಮನಸ್ಸಿನಲ್ಲಿ ನಿಂತದ್ದು ಮೊದಲನೇ ಪದ ಒಂದೇ.

ಮನೆಗೆ ಬಂದ ಮೇಲೆ ನಾಯನ ನನ್ನನ್ನು ಕೂಸಿನ ಹಾಗೆ ಎತ್ತಿಕೊಂಡೇ ಓಡಾಡಿದರು. ಬಚ್ಚಲಿಗೆ, ಜಗುಲಿಗೆ, ಹಾಸಿಗೆಗೆ. ಅವರದು ತೆಳ್ಳನೆ ಮೈ, ಆದರೆ ಕೈ ಮಾತ್ರ ಕಬ್ಬಿಣ. ಮದುವೆ ವಯಸ್ಸಿನ ಗಂಡಸು ಅಪ್ಪನ ತೋಳಿನಲ್ಲಿ ಹೋಗುವುದನ್ನು ಬೀದಿಯವರು ನೋಡುತ್ತಾರೆ ಅಂತ ನನಗೆ ನಾಚಿಕೆಯಾಗುತ್ತಿತ್ತು. ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಕಣ್ಣು ಮುಚ್ಚಿದರೆ ಅವರ ಎದೆಯಿಂದ ಗಂಜಿ ಹಾಕಿದ ರೇಷ್ಮೆಯ ವಾಸನೆ ಬರುತ್ತಿತ್ತು.

ಒಂದು ಬೆಳಿಗ್ಗೆ ಅವರು ನನ್ನನ್ನು ಜಗುಲಿಗೆ ಒಯ್ಯಲಿಲ್ಲ. ಮಗ್ಗದ ಮುಂದೆ ನಿಂತರು. "ಏಮಿರಾ, ಕೂಸುಂಟಾವಾ?" ಅಂದರು. ಏನೋ, ಕೂರ್ತೀಯಾ ಅಂತ.

"ಕೂತು ಏನು ಮಾಡಲಿ? ತುಳಿಯೋದು ಯಾರು?"

"ನಾನು."

ದೊಡ್ಡ ಅಂಚಿನ ಸೀರೆಗೆ ಒಂದೇ ಮಗ್ಗದಲ್ಲಿ ಇಬ್ಬರು ಅಕ್ಕಪಕ್ಕ ಕೂರುವುದು ನಮ್ಮಲ್ಲಿ ರೂಢಿ. ಹಲಗೆ ಅಷ್ಟು ಅಗಲ ಇತ್ತು. ನನ್ನನ್ನು ಬಲಕ್ಕೆ ಕೂರಿಸಿ, ಬೆನ್ನ ಹಿಂದೆ ದಿಂಬು ಒತ್ತರಿಸಿ, ಬೀಳದ ಹಾಗೆ ಪಂಚೆಯಲ್ಲಿ ಕಂಬಕ್ಕೆ ಸಡಿಲವಾಗಿ ಕಟ್ಟಿದರು. ಕಾಲೆರಡನ್ನೂ ಗುಂಡಿಗೆ ಇಳಿಬಿಟ್ಟರು. ಆಮೇಲೆ ಎಡಕ್ಕೆ ತಾವು ಕೂತು ಕಾಲುಮಣೆ ತುಳಿದು "ಊಁ" ಅಂದರು. ನಾನು ಹಗ್ಗ ಎಳೆದೆ. ಲಾಳಿ ಓಡಿತು. ಎಳೆ ಬಿಗಿಯಾಗಿ ಕೂರಲು ಮುಂದಿನ ಬಡಿಯುವ ಹಲಗೆ ಎಳೆದು ಬಡಿದೆ. ಮತ್ತೆ "ಊಁ". ಬಿದ್ದ ದಿನದಿಂದ ಒಳಗೆ ಕಟ್ಟಿಕೊಂಡಿದ್ದ ಅಳು ಆ ಮೂರನೆಯದೋ ನಾಲ್ಕನೆಯದೋ ಎಳೆಗೆ ಒಡೆದು ಬಂತು. ನಾಯನ ನನ್ನ ಕಡೆ ತಿರುಗಲಿಲ್ಲ. "ಎಳೆ ನೋಡು, ಎಳೆ ನೋಡು" ಅಂತ ಗದರಿದರು.

ಕೆಲವು ದಿನದಲ್ಲಿ "ಊಁ" ಬೇಕಾಗಲಿಲ್ಲ. ಅವರ ಕಾಲಿಗೂ ನನ್ನ ಕೈಗೂ ನಡುವೆ ಮಾತು ಬೇಡವಾಯಿತು. ನೇಯುತ್ತ ನೇಯುತ್ತ ಅವರು ಹಳೆಯ ಕತೆ ತೆಗೆಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಅಮ್ಮನನ್ನು ಕರೆದುಕೊಂಡು ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದ್ದು, ಅರ್ಧ ದಾರಿಯಲ್ಲಿ ಕೋತಿ ಅಮ್ಮನ ಕೈಯ ತೆಂಗಿನಕಾಯಿ ಕಿತ್ತುಕೊಂಡು ಹೋದದ್ದು, ಇವರು ಗಂಡಸುತನ ತೋರಿಸಲು ಅದರ ಹಿಂದೆ ಓಡಿ ಪಂಚೆ ಹರಿದುಕೊಂಡದ್ದು. ಒಲೆ ಮುಂದಿನಿಂದ ಅಮ್ಮ, "ಪಂಚೆ ಅಷ್ಟೇನಾ ಹರಿದಿದ್ದು? ಮಿಕ್ಕಿದ್ದೂ ಹೇಳ್ರಿ ಮಗನಿಗೆ" ಅನ್ನುತ್ತಿದ್ದಳು. ಮಧ್ಯಾಹ್ನದ ಬಿಸಿಲು ಬೆಳಕಿಂಡಿಯಿಂದ ನೇರವಾಗಿ ಸೀರೆ ಮೇಲೆ ಬೀಳುತ್ತಿತ್ತು. ಅಪ್ಪ ಮಗ ಅಷ್ಟು ಮಾತಾಡಿದ್ದು, ಅಷ್ಟು ನಕ್ಕಿದ್ದು ಅದಕ್ಕೆ ಮುಂಚೆ ಇಲ್ಲ, ಆಮೇಲೂ ಇಲ್ಲ. ನನ್ನ ಬದುಕಿನ ಅತ್ಯಂತ ಸುಖದ ಕಾಲ ಯಾವುದು ಅಂತ ಕೇಳಿದರೆ ಇವತ್ತಿಗೂ ಅದನ್ನೇ ಹೇಳುತ್ತೇನೆ, ಅದರಿಂದ ಏನಾಯಿತು ಅಂತ ಗೊತ್ತಿದ್ದೂ.

ನಮ್ಮಲ್ಲಿ ಒಳ್ಳೆ ನೇಕಾರ ಅಂದರೆ ಕೂತಲ್ಲಿಂದ ಏಳದವನು. "ಅವನು ಕೂತರೆ ಊಟಕ್ಕೇ ಏಳೋದು" ಅನ್ನುವುದು ನಮ್ಮ ಬೀದಿಯಲ್ಲಿ ದೊಡ್ಡ ಬಿರುದು. ನಾನೂ ನಾಯನನೂ ಆ ಬಿರುದಿಗೆ ತಕ್ಕ ಹಾಗೆಯೇ ಕೂತೆವು. ಅವರಿಗೆ ಸೊಂಟ ನೋಯುತ್ತಿತ್ತು, ಆಗಾಗ ಎದ್ದು ಮೈ ಮುರಿಯುತ್ತಿದ್ದರು. ನನಗೆ ಏನೂ ನೋಯುತ್ತಿರಲಿಲ್ಲ. "ನಿನಗಿಂತ ನಾನೇ ಸೋಂಬೇರಿ ಆದ್ನಲ್ಲೋ" ಅಂತ ಅವರು ನಗುತ್ತಿದ್ದರು.

ಆಗ ಮಗ್ಗದ ಮೇಲಿದ್ದದ್ದು ಕುಂಕುಮ ಬಣ್ಣದ ಸೀರೆ. ಹೊಕ್ಕಿನ ನೂಲನ್ನು ಒದ್ದೆ ಮಾಡಿಯೇ ನೇಯುವುದರಿಂದ ನೇಕಾರರ ಕೈಗೂ ಬಟ್ಟೆಗೂ ಬಣ್ಣ ಹತ್ತುವುದು ದಿನದ ಮಾತು. ಒಂದು ದಿನ ನಾನು ಉಟ್ಟಿದ್ದ ಪಂಚೆಯ ಹಿಂದೆ ಅಮ್ಮ ಕೆಂಪು ಕಲೆ ಕಂಡಳು. ಉಜ್ಜಿ ತೊಳೆದಳು. ಮರುದಿನ ಮತ್ತೆ ಕಲೆ. ಅಮ್ಮ ಅದನ್ನು ನಾಯನನಿಗೆ ತೋರಿಸಿದಳು. ನಾಯನ ಕೆಂಡವಾದರು. ಪಂಚೆಯನ್ನು ಕಂಕುಳಲ್ಲಿ ಇಟ್ಟುಕೊಂಡು ನೇರ ಬಣ್ಣ ಹಾಕುವವನ ಮನೆಗೆ ಹೋಗಿ, ಬೀದಿ ಜನ ಸೇರುವ ಹಾಗೆ ಜಗಳ ತೆಗೆದರು. "ಬಣ್ಣ ನಿಲ್ಲಂಗಿಲ್ಲ ಅಂದ್ರೆ ಯಾಕಪ್ಪಾ ಹಾಕ್ತೀಯಾ? ನೋಡು, ಕೂತ ಬಟ್ಟೆಗೆಲ್ಲ ಇಳೀತೈತೆ!" ಅವನು ಪಾಪ ಬೆವೆತು, ಇನ್ನೊಮ್ಮೆ ಹಾಕಿಕೊಡ್ತೀನಿ ಅಂದ. ಮನೆಗೆ ಬಂದು ಆ ಜಗಳವನ್ನು ನಾಯನ ಅಭಿನಯ ಮಾಡಿ ತೋರಿಸಿದರು, ನಾವು ಮೂವರೂ ನಕ್ಕೆವು. ಆಗ ನನ್ನ ಬೆನ್ನಿನ ಬುಡದಲ್ಲಿ ಮಾಂಸ ಬಿರಿದು ಕೊಳೆಯಲು ಶುರುವಾಗಿತ್ತು.

ಜ್ವರ ಬಂತು, ಬಿಡಲಿಲ್ಲ. ಮೈ ಒರೆಸಲು ನನ್ನನ್ನು ಮಗ್ಗುಲಿಗೆ ಹೊರಳಿಸಿದ ನಾಯನ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಹಾಕಿದರು. ಬಟ್ಟೆ ನೀರಿಗೆ ಬಿದ್ದ ಸದ್ದು ನನಗೆ ಕೇಳಿಸಿತು. "ಏನಾಯ್ತು ನಾಯನ?" ಅಂದೆ. ಅವರು ಅಮ್ಮನನ್ನು ಕೂಗಿದರು. ಅದೇ ಕೊನೆ. ಅವತ್ತಿನಿಂದ ನನ್ನ ಅಪ್ಪ ನನ್ನನ್ನು ಮುಟ್ಟಲಿಲ್ಲ.

ಚಿತ್ರದುರ್ಗದ ಆಸ್ಪತ್ರೆಯಲ್ಲಿ ನನ್ನನ್ನು ಬೋರಲಾಗಿ ಮಲಗಿಸಿದರು, ತಿಂಗಳುಗಟ್ಟಲೆ. ಸತ್ತ ಮಾಂಸ ಕತ್ತರಿಸಿ ತೆಗೆದು, ತೊಡೆಯ ಚರ್ಮ ತಂದು ಹೊಲಿದರು. ನನಗೆ ಕಾಣುತ್ತಿದ್ದದ್ದು ನೆಲ, ಮಂಚದ ಕಾಲು, ಬಂದವರ ಚಪ್ಪಲಿ. ನಾಯನನ ಚಪ್ಪಲಿ ದಿನಾ ಬರುತ್ತಿತ್ತು, ಬಾಗಿಲ ಹತ್ತಿರ ನಿಲ್ಲುತ್ತಿತ್ತು, ಹಾಸಿಗೆಯವರೆಗೆ ಬರುತ್ತಿರಲಿಲ್ಲ. ಮಗ್ಗುಲು ಬದಲಿಸಬೇಕಾದರೆ ನರ್ಸನ್ನೋ ಪಕ್ಕದ ಹಾಸಿಗೆಯವರನ್ನೋ ಕೂಗುತ್ತಿದ್ದರು. ನನಗೆ ಮೊದಲು ಅಸಹ್ಯ ಪಡುತ್ತಿದ್ದಾರೆ ಅನಿಸಿತು. ಬೆನ್ನು ಮುರಿದದ್ದಕ್ಕಿಂತ ಅದು ಹೆಚ್ಚು ನೋಯಿಸಿತು. ಆಮೇಲೆ ಅಮ್ಮ ಹೇಳಿದಳು: "ನನ್ನ ಕೈಯೇ ಅವನನ್ನ ತಿಂದುಬಿಡ್ತು ಅಂತಾರೆ ಕಣೋ. ಅನ್ನ ಕಲಸುವಾಗಲೂ ಕೈ ನೋಡ್ಕೊಂತಾರೆ."

ಒಂದು ದಿನ ಚಪ್ಪಲಿಗಳ ನಡುವೆ ಎರಡು ಚಕ್ರ ಬಂದು ನಿಂತವು. "ಕ್ಯಾ ಮಿಯಾ, ನೆಲದಾಗೆ ಏನು ಕಳಕೊಂಡಿ, ಹುಡುಕ್ತಿದೀಯಾ?" ಅಂತ ದಪ್ಪ ಗಂಟಲು. ಚಳ್ಳಕೆರೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟುಕೊಂಡಿರುವ ಮೆಹಬೂಬ್ ಭಾಯ್. ನನ್ನ ಹಾಗೆಯೇ ಬೆನ್ನು ಮುರಿದವರು, ನನಗಿಂತ ಬಹಳ ಹಿಂದೆ. ವಾರಕ್ಕೊಮ್ಮೆ ಅಂಗಡಿ ಮುಚ್ಚಿ ಆಸ್ಪತ್ರೆಯ ವಾರ್ಡಿನಲ್ಲಿ ಸುತ್ತುತ್ತಿದ್ದರು. ಅವರು ನನಗೆ ಧೈರ್ಯ ಹೇಳಲಿಲ್ಲ. ಮಂಚದ ಪಕ್ಕ ಚಹಾ ಕುಡಿಯುತ್ತ, ತಮ್ಮ ಬೆನ್ನಿನಲ್ಲಿ ಎಂಥ ಗುಂಡಿ ಬಿದ್ದಿತ್ತು, ಅದರ ವಾಸನೆಗೆ ಮಾವ ಮನೆಗೆ ಬರುವುದನ್ನೇ ಬಿಟ್ಟದ್ದು, ಅದೊಂದು ಲಾಭವೇ ಆದದ್ದು ಅಂತ ಹೇಳಿ ವಾರ್ಡಿಗೆ ವಾರ್ಡನ್ನೇ ನಗಿಸಿದರು. ಹೋಗುವಾಗ ನನ್ನ ತೋಳು ಹಿಡಿದು ನೋಡಿ, "ಅರೆ, ಈ ಕೈ ಇಟ್ಕೊಂಡು ಮಲಗಿದೀಯಲ್ಲೋ! ವಾಸಿ ಆದ್ಮ್ಯಾಲೆ ನನ್ನ ಅಂಗಡಿಗೆ ಬಾ, ಭರ್ಜಿ ಎಸೆಯೋಣ" ಅಂದರು.

ಭರ್ಜಿ ಅಂದರೆ ಜಾವೆಲಿನ್. ಗಾಯ ಒಣಗಿದ ಮೇಲೆ ಹೋದೆ. ಉಳ್ಳಾರ್ತಿ ಕಾವಲಿನ ಪಕ್ಕ ಒಂದು ಬಯಲು. ಬೇಲಿಯಾಚೆ ಹುಲ್ಲೋ ಹುಲ್ಲು, ಬೇಲಿಯ ಈಚೆ ಜನವಿಲ್ಲದ ನೇರ ರಸ್ತೆ. ಬೆಳಿಗ್ಗೆ ಆ ರಸ್ತೆಯಲ್ಲಿ ಗಾಲಿಕುರ್ಚಿ ಓಡಿಸುವುದು, ಆಮೇಲೆ ಬಯಲಲ್ಲಿ ಎಸೆತ. ಎಸೆಯುವ ಕುರ್ಚಿ ಅಲುಗಬಾರದು ಅಂತ ನೆಲಕ್ಕೆ ಗೂಟ ಹೊಡೆದು ಹಗ್ಗದಲ್ಲಿ ಬಿಗಿಯುತ್ತಾರೆ, ನಮ್ಮನ್ನೂ ಅದಕ್ಕೆ ಪಟ್ಟಿಯಲ್ಲಿ ಕಟ್ಟುತ್ತಾರೆ. ಮೊದಲ ದಿನ ಕಟ್ಟಿಸಿಕೊಂಡಾಗ ನನಗೆ ಮಗ್ಗದ ಕಂಬ ನೆನಪಾಯಿತು. "ಬಿಚ್ರಿ" ಅಂದೆ. ಭಾಯ್ ಬಿಚ್ಚಲಿಲ್ಲ. "ಆಗಾಗ ಕೈ ಊರಿ ಮೈ ಎತ್ತು. ಎತ್ತಿದ್ರೆ ಗಾಳಿ ಆಡ್ತೈತೆ, ಗಾಳಿ ಆಡಿದ್ರೆ ಮಾಂಸ ಬದುಕ್ತೈತೆ. ಕೂರೋದು ತಪ್ಪಲ್ಲ ಲೇ, ಏಳದೆ ಕೂರೋದು ತಪ್ಪು" ಅಂದರು. ಕೈ ಊರಿ ಮೈ ಎತ್ತಿದೆ. ಆಮೇಲೆ ಎಸೆದೆ. ಭರ್ಜಿ ನಾಚಿಕೆಗೆಟ್ಟು ನನ್ನ ಕಾಲ ಬುಡದಲ್ಲೇ ಬಿತ್ತು.

ಆದರೆ ಹೆಗಲಿಗೆ ಆ ಕೆಲಸ ಹಿಡಿಸಿತು. ಬಿಸಿಲೇರುವ ತನಕ ಎಸೆದು, ಮೈಯೆಲ್ಲ ಬೆವೆತು, ಬಯಲಲ್ಲಿ ಚೂರು ಉಪ್ಪಿಟ್ಟು ತಿನ್ನುವ ಆ ಬೆಳಗುಗಳಿಗಾಗಿ ನಾನು ಹಿಂದಿನ ದಿನವೇ ಕಾಯುತ್ತಿದ್ದೆ. ಕ್ರಮೇಣ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಸ್ಕೂಟರಿಗೆ, ಕೊನೆಗೆ ಬರೀ ನೆಲದಿಂದ ಕುರ್ಚಿಗೆ ಏರುವಷ್ಟು ಬಲ ಬಂತು. ಪಕ್ಕದಲ್ಲಿ ಎರಡು ಚಕ್ರ ಹಾಕಿದ ಸ್ಕೂಟರಿನಲ್ಲಿ ಮೊಳಕಾಲ್ಮೂರಿಗೂ ಚಳ್ಳಕೆರೆಗೂ ನಾನೊಬ್ಬನೇ ಓಡಾಡಿದೆ. ಮನೆಯಲ್ಲಿ ಅಂಚಿನ ವಿನ್ಯಾಸಕ್ಕೆ ಮಗ್ಗದ ಮೇಲೆ ಹಾಕುವ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆಯುವ ಕೆಲಸ ಹಿಡಿದೆ. ಯಾರೂ ನನ್ನನ್ನು ಎತ್ತಬೇಕಾಗಿರಲಿಲ್ಲ. ಅದು ನನ್ನ ಹೆಮ್ಮೆ. ಅದೇ ನನ್ನ ಸಂಕಟ ಕೂಡ, ಯಾಕೆಂದರೆ ಎತ್ತಲು ಹೆದರುತ್ತಿದ್ದ ಒಬ್ಬರಿಗೆ ಇನ್ನು ಎತ್ತುವ ಕಾರಣವೇ ಉಳಿಯಲಿಲ್ಲ. ನಾನು ರಾಜ್ಯ ಮಟ್ಟದ ಕೂಟದಲ್ಲಿ ಕಂಚು ಗೆದ್ದು ಬಂದಾಗ ಬೀದಿಯವರೆಲ್ಲ ತಬ್ಬಿಕೊಂಡರು. ನಾಯನ ಪದಕವನ್ನು ಕೈಯಲ್ಲಿ ತೂಗಿ ನೋಡಿ, "ಭಾರ ಐತೆ" ಅಂದು ದೇವರ ಮುಂದೆ ಇಟ್ಟರು. ತಾವು ಮಗ್ಗಕ್ಕೆ ಹೋಗಿ ಕೂತರು. ಹಲಗೆಯ ಬಲಗಡೆ ಖಾಲಿಯೇ ಇತ್ತು.

ಮೆಹಬೂಬ್ ಭಾಯ್ ನನ್ನನ್ನು ಎಸೆತಕ್ಕಷ್ಟೇ ಬಿಡಲಿಲ್ಲ. ಯಾವ ಊರಲ್ಲಿ ಯಾರ ಬೆನ್ನು ಮುರಿದರೂ ಅವರಿಗೆ ಸುದ್ದಿ ಬರುತ್ತದೆ. ಇಬ್ಬರೂ ಸ್ಕೂಟರ್ ಹತ್ತಿ ಹೋಗುತ್ತೇವೆ. ಕನ್ನಡಿ ಹಿಡಿದು ಬೆನ್ನು ನೋಡಿಕೊಳ್ಳುವುದು, ಮಗ್ಗುಲು ಬದಲಿಸುವುದು, ಕುರ್ಚಿಗೆ ಏರುವುದು ಹೇಳಿಕೊಡುತ್ತೇವೆ. ಕಲಿಸುವುದು ಸುಲಭ. ನಂಬಿಸುವುದು ಕಷ್ಟ. ನೋವಿಲ್ಲದ ಕಡೆ ಗಾಯ ಆಗುತ್ತದೆ ಅಂದರೆ ಯಾರೂ ನಂಬುವುದಿಲ್ಲ.

ಕೊಂಡ್ಲಹಳ್ಳಿಯ ಓಬಳೇಶನ ಸುದ್ದಿ ಬಂದಾಗ ಭಾಯ್ ಮದುವೆಗೆ ಅಂತ ಬಳ್ಳಾರಿಗೆ ಹೋಗಿದ್ದರು. ಹುಣಸೆ ಮರದಿಂದ ಬಿದ್ದ ನನ್ನ ವಯಸ್ಸಿನವನು. ಗಾಲಿಕುರ್ಚಿ ಹಿಡಿದುಕೊಂಡು ಹಿಂದೆ ಕೂರಲು ಯಾರಾದರೂ ಬೇಕಿತ್ತು. ಅಮ್ಮ ಒಲೆ ಮುಂದಿನಿಂದಲೇ, "ನೀವೇ ಹೋಗ್ರಿ. ಕುರ್ಚಿ ಹಿಡಿಯೋಕೇನು, ಅವನನ್ನ ಹಿಡೀಬೇಕಾಗಿಲ್ಲ" ಅಂದಳು. ಆ ಮಾತು ನಾಯನನಿಗೆ ಚುಚ್ಚಲಿ ಅಂತಲೇ ಅಂದದ್ದು. ಅವರು ಚಪ್ಪಲಿ ಮೆಟ್ಟಿದರು. ದಾರಿಯುದ್ದಕ್ಕೂ ಮಡಿಸಿದ ಕುರ್ಚಿಯನ್ನು ನಮ್ಮಿಬ್ಬರ ನಡುವೆ ತಬ್ಬಿ ಹಿಡಿದು ಕೂತಿದ್ದರು.

ಓಬಳೇಶನನ್ನು ಮನೆ ಮುಂದಿನ ಚಪ್ಪಡಿ ಕಟ್ಟೆ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಮುಂದೆ ಮೊರದ ತುಂಬ ಶೇಂಗಾ ಬೀಜ. ಒಳ್ಳೆಯದನ್ನು ಆರಿಸಿ ಹಾಕುತ್ತಿದ್ದ. ಅವನ ತಾಯಿ ಸಂಭ್ರಮದಿಂದ ಹೇಳಿದಳು: "ನೋಡ್ರಿ, ನನ್ನ ಮಗ ಸುಮ್ನೆ ಮಲಗಿಲ್ಲ. ಹೊತ್ತು ಹುಟ್ಟಿದಾಗಿಂದ ಕೂತಾನೆ, ಅಲ್ಲಾಡಿಲ್ಲ. ಒಂದಿನಾನೂ ನೋವು ಅಂದಿಲ್ಲ."

ನಾನು ಬಾಯಿ ತೆರೆದೆ. ಚಪ್ಪಡಿ ಮೇಲೆ ಕೂರಬಾರದು, ಆಗಾಗ ಮೈ ಎತ್ತಬೇಕು, ಬೆನ್ನು ನೋಡಬೇಕು ಅಂತ ದಿನಾ ಹೇಳುವುದನ್ನೇ ಹೇಳಿದೆ. ಆಕೆ ನಗುನಗುತ್ತ ತಲೆ ಆಡಿಸಿದಳು. "ಅವನಿಗೆ ಏನೂ ಆಗಿಲ್ಲಪ್ಪ. ಆಗಿದ್ರೆ ಹೇಳ್ತಿರಲಿಲ್ವಾ?" ಓಬಳೇಶನೂ ಬೀಜದಿಂದ ಕಣ್ಣು ಎತ್ತದೆ, "ಕೂತ್ಕಂಡೆ ಅಂದ್ರೆ ನಾನೂ ಮನುಷ್ಯ ಅನಿಸ್ತದಣ್ಣ. ಅದನ್ನೂ ಕಿತ್ಕಬ್ಯಾಡ" ಅಂದ. ಅವನು ಹೇಳಿದ್ದು ನನ್ನದೇ ಮಾತು.

ಕುರ್ಚಿಯ ಹಿಂದೆ ನಿಂತಿದ್ದ ನಾಯನ ಮುಂದೆ ಬಂದರು. ಹೊರಗಿನವರ ಮುಂದೆ ಅವರು ಮಾತಾಡುವುದು ಕಡಿಮೆ.

"ನಾನು ಹಿಂಗೇ ಕೂರಿಸಿದ್ದೆ ಕಣಮ್ಮ ಇವನನ್ನ," ಅಂದರು. "ಮಗ್ಗದ ಮೇಲೆ, ನನ್ನ ಪಕ್ಕದಾಗೆ. ಇವನು ನಗ್ತಿದ್ದ, ನಾನೂ ನಗ್ತಿದ್ದೆ. ಕೆಳಗೆ ಮಾಂಸ ಕೊಳೀತಿತ್ತು. ಬಟ್ಟೆಗೆ ರಕ್ತ ಆದ್ರೆ ನಾನು ಬಣ್ಣ ಅಂದೆ. ಬಣ್ಣ ಹಾಕೋನ ಜೊತೆ ಜಗಳಕ್ಕೆ ಹೋದೆ."

ಆಕೆಯ ನಗು ನಿಂತಿತು. ಓಬಳೇಶನ ಕೈಯೂ ನಿಂತಿತು.

"ತೋರಿಸಲಾ?" ಅಂತ ನಾಯನ ಕೇಳಿದ್ದು ನನ್ನನ್ನು. ನಾನು ಕುರ್ಚಿಯಿಂದ ಕಟ್ಟೆಗೆ ಸರಿದು, ಓಬಳೇಶನ ಪಕ್ಕ ಮಗ್ಗುಲಾಗಿ ಮಲಗಿದೆ. ಹಿಂದಿನಿಂದ ಶರ್ಟು ಮೇಲೆ ಹೋದದ್ದು ಬೆನ್ನಿಗೆ ಗೊತ್ತಾಯಿತು. ಅದಕ್ಕಿಂತ ಕೆಳಗೆ ನನಗೆ ಗೊತ್ತಾಗುವುದಿಲ್ಲ. ಆದರೆ ಎದುರಿಗೆ ಓಬಳೇಶನ ಕಣ್ಣಿತ್ತು. ಅದು ನಾಯನನ ಕೈ ಹೋದ ಕಡೆಯೆಲ್ಲ ಹೋಗುತ್ತಿತ್ತು.

"ಇಲ್ಲಿಂದ ಇಲ್ಲಿ ತನಕ," ಅನ್ನುತ್ತಿದ್ದರು ನಾಯನ. "ಮುಷ್ಟಿ ಹೋಗೋವಷ್ಟು. ಬಾರಮ್ಮ, ಮುಟ್ಟಿ ನೋಡು. ಈಗ ನಿನ್ನ ಮಗನದು ನೋಡೋಣ."

ಓಬಳೇಶನನ್ನು ಹೊರಳಿಸಿದ್ದು ನಾಯನನೇ. ಬೆನ್ನಿನ ಬುಡದಲ್ಲಿ ರೂಪಾಯಿ ಅಗಲಕ್ಕೆ ಕೆಂಪಗಾಗಿತ್ತು, ಚರ್ಮ ಇನ್ನೂ ಬಿರಿದಿರಲಿಲ್ಲ. ತಾಯಿ ಬಾಯಿಗೆ ಸೆರಗು ಒತ್ತಿಕೊಂಡಳು. "ಅಳಬ್ಯಾಡಮ್ಮ, ನೀನು ಹೊತ್ತಿಗೆ ಸರಿಯಾಗಿ ನೋಡ್ದೆ. ಬದುಕ್ತು ಇದು" ಅಂದರು ನಾಯನ. ಆಕೆಗೆ ಕೂರಿಸುವುದು ಹೇಗೆ, ಎಷ್ಟು ಹೊತ್ತಿಗೆ ಎತ್ತಬೇಕು, ಕೆಳಗೆ ಎಂಥ ಹಾಸು ಇರಬೇಕು ಅಂತ ಬಿಡಿಸಿ ಬಿಡಿಸಿ ಹೇಳಿದರು. ಅಷ್ಟನ್ನೂ ಅವರು ಯಾವಾಗ ಕಲಿತರೋ ನನಗೆ ಗೊತ್ತಿಲ್ಲ. ನಾನು ಮನೆಯಲ್ಲಿ ಮೈ ಎತ್ತುವುದನ್ನು ದೂರದಿಂದ ನೋಡಿ ನೋಡಿ ಕಲಿತಿರಬೇಕು.

ಹೊರಡುವ ಹೊತ್ತಾಯಿತು. ನಾನು ಕಟ್ಟೆಯ ಅಂಚಿಗೆ ಬಂದು, ಕುರ್ಚಿಯ ಬ್ರೇಕು ಹಾಕಿ, ಏರಲು ಕೈ ಊರಿದೆ. "ಇರೋ," ಅಂದರು ನಾಯನ. ಟವೆಲ್ಲನ್ನು ಹೆಗಲಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡು ಬಗ್ಗಿದರು. ಒಂದು ಕೈ ನನ್ನ ಬೆನ್ನಿಗೆ, ಒಂದು ಕೈ ಮೊಣಕಾಲಿನಡಿಗೆ. ಅವರಿಗೆ ವಯಸ್ಸಾಗಿತ್ತು. ಭರ್ಜಿ ಎಸೆದು ಎಸೆದು ನಾನು ಭಾರವಾಗಿದ್ದೆ. ಎತ್ತುವಾಗ ಅವರ ಉಸಿರು ನನ್ನ ಕಿವಿಗೆ ತಾಗಿತು. ನನಗೇ ಏರಲು ಬರುತ್ತದೆ ಅಂತ ನಾನು ಹೇಳಲಿಲ್ಲ. ಅವರ ಕೊರಳಿಗೆ ಎರಡೂ ಕೈ ಹಾಕಿದೆ.